ದ್ಯಾವಮ್ಮನ ಮಗ ಕೋಳಿ ಕಾದದ್ದು

ಹೂಂ ಅನ್ನುತ್ತಾ ಕೇಳಿ. ನಿಮ್ಮ ಹೂಂ ನಿಂತರೆ ನನ್ನ ಕತೆಯೂ ನಿಂತೀತು.

ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವನ ಗುಣ, ಅದೇ ಅವಳ ಕರ್ಮ.

ದ್ಯಾವಮ್ಮನ ಎದೆಯಲ್ಲಿ ಕೆಮ್ಮು ಕೂತಿತ್ತು. ಕೆಮ್ಮಿದಾಗಲೆಲ್ಲ ಒಂದೇ ಯೋಚನೆ: ನಾನು ಹೋದ ಮೇಲೆ ಇವನಿಗೆ ಗತಿ ಯಾರು? ಹಿತ್ತಲಲ್ಲಿ ಒಂದು ಹಿಂಡು ನಾಟಿ ಕೋಳಿ ಇದ್ದವು. ಅವನ್ನು ಸಾಕಲು ಕಲಿತರೆ ಹೇಗೋ ಬದುಕಿಕೊಳ್ಳುತ್ತಾನೆ ಅಂತ ಹಿಂಡನ್ನು ಅವನ ಕೈಗೆ ಕೊಟ್ಟಳು.

ಕರಿ ಹೇಂಟೆ ತಾನಿಟ್ಟ ಮೊಟ್ಟೆಯನ್ನು ತಾನೇ ಕುಕ್ಕಿ ಕುಡಿಯತೊಡಗಿತು. ಬೋರಲಿಂಗ ಎದುರಿಗೇ ಕೂತು ನೋಡಿದ.

"ಓಡಿಸಬಾರದೇನೋ!"

"ಅದರದೇ ಮೊಟ್ಟೆ ಅಲ್ಲವೇನವ್ವ? ನಾನ್ಯಾಕೆ ಬೇಡ ಅನ್ನಲಿ?"

"ಅಯ್ಯೋ ದಡ್ಡ ಮುಂಡೇದೆ! ರುಚಿ ಹತ್ತಿದರೆ ಬಿಡೋದಿಲ್ಲ ಕಣೋ. ಕೋಳಿ ಕೆಳಗೆ ಮೊಟ್ಟೆ ಕಂಡ ಕೂಡಲೇ ತಂದು ಮಡಕೆಯಲ್ಲಿಡು!"

"ಆಗಲಿ ಕಣವ್ವ."

ಕೆಂಚು ಹೇಂಟೆ ಕಾವಿಗೆ ಕೂತಿತ್ತು. ಇನ್ನೇನು ಮೊಟ್ಟೆಯೊಡೆದು ಮರಿ ಬರಬೇಕು. ಬೋರಲಿಂಗ ಕೈಯೆಲ್ಲ ಕುಕ್ಕಿಸಿಕೊಂಡು ಅಷ್ಟೂ ಮೊಟ್ಟೆ ತಂದು ಮಡಕೆಗೆ ಹಾಕಿದ. ಸಂಜೆ ದ್ಯಾವಮ್ಮ ಮಡಕೆಗೆ ಕೈ ಹಾಕಿದಳು. ತಣ್ಣಗೆ ಕೊರೆಯುತ್ತಿತ್ತು. ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಕೊಕ್ಕು ಕಾಣುತ್ತಿತ್ತು, ಅಲ್ಲಾಡಲಿಲ್ಲ.

"ಪಾಪಿ! ಮರಿಗಳನ್ನೆಲ್ಲ ಕೊಂದೆಯಲ್ಲೋ!"

"ಮಡಕೆಯಲ್ಲಿಡು ಅಂದೆ. ಇಟ್ಟೆ."

"ಕಾವಿಗೆ ಕೂತದ್ದನ್ನ ಮುಟ್ಟಬಾರದು ಕಣೋ! ಕೂತ ಕೋಳಿ ಕಂಡರೆ ಮುಂದೆ ಹಿಡಿ ರಾಗಿ ಚೆಲ್ಲು, ಒಂದು ಚಿಪ್ಪು ನೀರಿಡು, ಸುಮ್ಮನೆ ಬಾ!"

"ಆಗಲಿ ಕಣವ್ವ."

ಅದಾಗಿ ಸ್ವಲ್ಪ ದಿನಕ್ಕೆ ಹುಂಜ ಕೂತಿತು. ರೆಕ್ಕೆ ಜೋತು ಬಿದ್ದಿತ್ತು, ಕಣ್ಣು ಮುಚ್ಚಿತ್ತು, ಬಾಯಲ್ಲಿ ಲೋಳೆ. ಬೋರಲಿಂಗ ರಾಗಿ ಚೆಲ್ಲಿದ, ನೀರಿಟ್ಟ, ಸುಮ್ಮನೆ ಬಂದ. ಮಾರನೆಯ ದಿನ ಅದರ ಪಕ್ಕ ಇನ್ನೊಂದು ಕೂತಿತು. ಅದಕ್ಕೂ ರಾಗಿ, ಅದಕ್ಕೂ ನೀರು. ದ್ಯಾವಮ್ಮ ಕೆಮ್ಮುತ್ತಾ ಹಿತ್ತಲಿಗೆ ಬರುವಷ್ಟರಲ್ಲಿ ಅರ್ಧ ಹಿಂಡು ಕಾಲು ಚಾಚಿತ್ತು.

"ಇದೇನೋ ಇದು!"

"ಕಾವಿಗೆ ಕೂತವೆ ಕಣವ್ವ. ಮೊದಲು ಹುಂಜ ಕೂತ್ಕಂತು."

"ಹುಂಜ ಎಲ್ಲಾದರೂ ಕಾವಿಗೆ ಕೂರ್ತದೇನೋ!"

ಬೇಲಿಯಾಚೆಯಿಂದ ಪಕ್ಕದ ಮನೆ ಸಾಕವ್ವ ಕತ್ತು ಚಾಚಿದಳು. "ಅವನಿಗೆ ಹೇಳೋ ಬದಲು ಆ ಹುಂಜಕ್ಕೇ ಹೇಳಿದ್ದರೆ ಅದಾದರೂ ಕೇಳ್ತಿತ್ತು ಕಣಕ್ಕ."

ದ್ಯಾವಮ್ಮ ಗುದ್ದಲಿ ತಂದಳು. ಸತ್ತವನ್ನೆಲ್ಲ ಒಂದೇ ಗುಂಡಿಗೆ ಹಾಕಿ ಮಣ್ಣು ಎಳೆದಳು. ಆಮೇಲೆ ಮಗನ ಎರಡೂ ಕಿವಿ ಹಿಡಿದಳು.

"ಕೇಳಿಸ್ಕೋ. ಮಂಕಾಗಿ ಕೂತದ್ದು ಕಂಡರೆ ಒಂದು ಗಳಿಗೆ ಇಟ್ಟುಕೋಬೇಡ. ಎತ್ತಿಕೊಂಡು ಹೋಗಿ ಹೊಲದ ಗುಡಿಸಲಲ್ಲಿ ಬಿಡು. ಉಳಿದವಕ್ಕೆ ತಗಲಬಾರದು!"

"ಆಗಲಿ ಕಣವ್ವ."

ಆ ವಾರವೇ ದ್ಯಾವಮ್ಮನಿಗೆ ಜ್ವರ ಏರಿತು. ಗೋಡೆಗೊರಗಿ, ಕಣ್ಣು ಮುಚ್ಚಿ, ತಲೆ ಜೋತು ಹಾಕಿ ಕೂತಳು. ಬೋರಲಿಂಗ ಬಂದು ನೋಡಿದ. ಬಗ್ಗಿ ಮತ್ತೆ ನೋಡಿದ. ಕಂಬಳಿ ಸಮೇತ ಅವಳನ್ನು ಹೆಗಲಿಗೆ ಹಾಕಿಕೊಂಡ.

"ಎಲ್ಲಿಗೋ? ಬಿಡೋ! ಎಲ್ಲಿಗೋ?"

"ನೀನೇ ಹೇಳಿದ್ದಲ್ಲವೇನವ್ವ? ಹೆದರಬೇಡ. ಉಳಿದವಕ್ಕೆ ತಗಲೋದಿಲ್ಲ."

ಗುಡಿಸಲ ನೆಲ ತಣ್ಣಗಿತ್ತು. ಬೈಯಲು ಬಾಯಿ ತೆರೆದಳು, ಕೆಮ್ಮು ಬಂತು. ಕೆಮ್ಮು ನಿಂತಾಗ ನೋಡಿದರೆ ಬೆವರಿದ ಅದೇ ಮುಖ, ಶಭಾಷ್ ಅನ್ನಿಸಿಕೊಳ್ಳಲು ಕಾಯುತ್ತಿತ್ತು. ಅವನು ಹೊರಡಲು ಎದ್ದಾಗ ಅವಳಿಗೆ ಭಯವಾಯಿತು. ಅವನ ಪಂಚೆಯ ಚುಂಗು ಹಿಡಿದಳು.

"ಹೋಗಬೇಡ ಮಗನೇ. ನಾನು ಏಳೋ ತನಕ ಇಲ್ಲೇ ಕೂತಿರು."

"ಆಗಲಿ ಕಣವ್ವ."

ಬೋರಲಿಂಗ ಕೂತ. ಕತ್ತಲಾಯಿತು, ಕೂತ. ಗೂಡಿನ ಬಾಗಿಲು ಹಾಕುವವರಿಲ್ಲದೆ ಉಳಿದ ಕೋಳಿಗಳನ್ನು ಕಾಡುಬೆಕ್ಕು ಮುಗಿಸಿಕೊಂಡು ಹೋಯಿತು. ಬೋರಲಿಂಗ ಕೂತೇ ಇದ್ದ. ಬೆಳಿಗ್ಗೆ ಹುಡುಕಿಕೊಂಡು ಬಂದ ಸಾಕವ್ವ ದ್ಯಾವಮ್ಮನ ಮೈ ಮುಟ್ಟಿ ನೋಡಿ ಬಾಯಿ ಬಡಿದುಕೊಂಡಳು. ಊರವರು ಬಂದರು, ಚಟ್ಟ ಕಟ್ಟಿದರು, ಹೊತ್ತುಕೊಂಡು ಹೋಗಿ ಮಣ್ಣು ಮಾಡಿದರು. ಗುಡಿಸಲಿಗೆ ತಿರುಗಿ ಬಂದರೆ ಬೋರಲಿಂಗ ಅವ್ವ ಮಲಗಿದ್ದ ಬರಿಯ ನೆಲದ ಮುಂದೆ ಕೂತಿದ್ದ.

"ಏಳಪ್ಪ, ಮನೆಗೆ ಹೋಗೋಣ," ಅಂದಳು ಸಾಕವ್ವ.

"ಅದು ನೀವು ಎತ್ತಿದ್ದು ಕಣತ್ತೆ," ಅಂದ ಅವನು. "ಅವ್ವ ಇನ್ನೂ ಎದ್ದಿಲ್ಲ."