ಬೇಲಿಯ ಬಳ್ಳಿ

ಪೂಜ್ಯ ಚನ್ನಬಸವ್ವ ತಾಯಿಯವರಿಗೆ ಗದ್ದುಗೆಯೆಂಬುದಿರಲಿಲ್ಲ. ಹೊಳೆಯಂಚಿನ ಪುಟ್ಟ ಮಠದ ಅಡುಗೆಮನೆಯ ಹೊಸ್ತಿಲ ಬಳಿ ಗೋಣಿತಾಟು ಹಾಸಿಕೊಂಡು, ಮಠದ ಶಾಲೆಯ ಮಕ್ಕಳ ಊಟಕ್ಕೆಂದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ದರ್ಶನಕ್ಕೆ ಬಂದವರು ಅಲ್ಲಿಯೇ ಅಡ್ಡಬೀಳಬೇಕು. ಬಹಳ ಹೊತ್ತು ಕೂತವರ ಕೈಗೂ ಒಂದು ಮೊರ ಬಂದುಬಿಡುತ್ತಿತ್ತು.

ಸೀಗಿ ಹುಣ್ಣಿಮೆಯ ಮರುದಿನ ಆ ಹೊಸ್ತಿಲಿಗೆ ಶಾಲೆಯ ರಾಚಯ್ಯ ಮಾಸ್ತರರು ಬಂದರು. ಅವರ ಸಂಕಟ ಊರಿಗೆಲ್ಲ ಗೊತ್ತಿತ್ತು. ಉಣ್ಣುವ ಅನ್ನ ಎಲ್ಲಿಂದ ಬರುತ್ತದೆಂದು ಮಕ್ಕಳು ಕಣ್ಣಾರೆ ನೋಡಲಿ ಎಂದು ಅವರನ್ನು ಗೆಣಸಿನ ಹೊಲಕ್ಕೆ ಕರೆದೊಯ್ದಿದ್ದರು. ಬಳ್ಳಿ ಎತ್ತಿ, ಮಣ್ಣು ಕೆದಕಿ, "ನೋಡ್ರಿ, ಭೂತಾಯಿ ನಮಗಂತ ಹಿಂಗ ಬಚ್ಚಿಟ್ಟಿರತಾಳ" ಎಂದಿದ್ದರು. ಮಕ್ಕಳು ಕುಣಿದಾಡಿದ್ದರು. ಅದೇ ಸಂಜೆ ಶಾವಂತ್ರಿಯೆಂಬ ಹುಡುಗಿ ಶಾಲೆಯ ಬೇಲಿಯ ಬುಡ ಕೆದಕಿದಳು. ಅಲ್ಲಿ ಬೆಂಕಿಬಣ್ಣದ ಹೂ ಬಿಡುವ ಬಳ್ಳಿಯೊಂದಿತ್ತು. ಅದರ ಗೆಡ್ಡೆ ನೋಡಲು ಗೆಣಸಿನಂತೆಯೇ, ಆದರೆ ಕಡುವಿಷ. ಹುಡುಗಿ ತೊಳೆದು ತಿಂದಳು. ಆಸ್ಪತ್ರೆಗೆ ಒಯ್ದರೂ ಉಳಿಯಲಿಲ್ಲ.

ಸಮಾಧಾನ ಹೇಳಲು ಬಂದವರೆಲ್ಲ "ಹಣೆಬರಹ" ಎಂದು ಚಹಾ ಕುಡಿದು ಎದ್ದುಹೋದರು. ಅಷ್ಟು ಸಣ್ಣ ಕೂಸಿನ ಹಣೆಯ ಮೇಲೆ ಎಲ್ಲವನ್ನೂ ಹೊರಿಸಿ ಕೈ ತೊಳೆದುಕೊಳ್ಳುವುದು ಎಷ್ಟು ಸಲೀಸು! ಮಾಸ್ತರರಿಗೆ ಅದು ಆಗಲಿಲ್ಲ. ಶಾಲೆಯನ್ನೂ ಊರನ್ನೂ ಬಿಟ್ಟು ಕಾಲು ಒಯ್ದತ್ತ ಹೋಗಿಬಿಡುವುದೆಂದು ನಿಶ್ಚಯಿಸಿ, ಕಡೆಯದಾಗಿ ತಾಯಿಯವರ ಪಾದ ಮುಟ್ಟಲು ಬಂದಿದ್ದರು.

"ಯವ್ವಾ, ಇನ್ನ ನಾ ಪಾಠಾ ಹೇಳಾಂಗಿಲ್ಲ. ಈ ಪಾಪ ಹೆಂಗ ಹೋಗತೈತಿ, ಅದೊಂದು ಹೇಳ್ರಿ" ಎಂದು ಗೋಳಾಡಿದರು.

ತಾಯಿಯವರು ಮೊರವನ್ನು ಕೆಳಗಿಟ್ಟರು. "ಹೋಗಾಂಗಿಲ್ಲೋ ಯಪ್ಪಾ."

ಮಂತ್ರವೋ ವ್ರತವೋ ಸಿಕ್ಕೀತೆಂದು ಬಂದಿದ್ದ ಮಾಸ್ತರರಿಗೆ ನೆಲವೇ ಕುಸಿದಂತಾಯಿತು. ಅವರು ಅತ್ತು ಅತ್ತು ಸುಸ್ತಾದರು. ಆಮೇಲೆ ತಾಯಿಯವರು ಮೆಲ್ಲಗೆ ಕೇಳಿದರು, "ಆ ಬಳ್ಳಿ ಇನ್ನೂ ಬೇಲ್ಯಾಗ ಐತೇನು?"

ಬಳ್ಳಿ ಅಲ್ಲಿಯೇ ಇತ್ತು. ಅದರ ಪಕ್ಕದಲ್ಲೇ ಮಕ್ಕಳು ದಿನಾ ಆಡುತ್ತಿದ್ದರು. ತಮ್ಮ ದುಃಖದಲ್ಲಿ ಮುಳುಗಿದ್ದ ಮಾಸ್ತರರಿಗೆ ಅದು ಹೊಳೆದೇ ಇರಲಿಲ್ಲ.

"ಅರ್ಧಾ ಪಾಠಾ ಹೇಳಿ ಹೊಂಟೀಯಲ್ಲೋ. ಉಳಿದರ್ಧಾ ಯಾರ ಹೇಳಬೇಕು?"

ತಾಯಿಯವರು ಅಷ್ಟೇ ಹೇಳಿ, ಮೂಲೆಯಲ್ಲಿದ್ದ ಹಾರೆಯನ್ನು ಅವರ ಕೈಗಿತ್ತು, ತಾವೇ ಮಕ್ಕಳನ್ನು ಕರೆದುಕೊಂಡು ಬೇಲಿಯ ಕಡೆ ನಡೆದರು.

ಮಾಸ್ತರರು ಬಳ್ಳಿಯ ಬುಡ ಅಗೆದರು. ಗೆಡ್ಡೆ ಹೊರಬಂದಾಗ ಅದನ್ನು ಮಕ್ಕಳ ಮುಂದಿಟ್ಟು ಕೂತರು. "ಶಾವಂತ್ರಿ ತಿಂದದ್ದು ಇದನ್ನ. ಎಲ್ಲಾ ಗೆಡ್ಡಿ ತಿನ್ನಾವಲ್ಲ ಅಂತ ನಾ ನಿಮಗ ಹೇಳಿರಲಿಲ್ಲ. ನಂದ ತಪ್ಪು" ಎಂದರು. ಮಕ್ಕಳ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. ಯಾರೂ ನಗಲಿಲ್ಲ.

ಆಗ ಒಬ್ಬ ಹುಡುಗಿ ಹತ್ತಿರ ಬಂದು ಗೆಡ್ಡೆಯನ್ನು ಬಗ್ಗಿ ನೋಡಿದಳು. "ಗುರುಗಳ, ಇದು ನಮ್ಮ ಹಿತ್ತಲದಾಗೂ ಐತ್ರಿ. ನಮ್ಮ ತಮ್ಮ ಅಲ್ಲೇ ಆಡತಾನ್ರಿ."

ಮಾಸ್ತರರು ಧಡಕ್ಕನೆ ಎದ್ದರು. ಕಣ್ಣೊರೆಸಿಕೊಳ್ಳಲೂ ನಿಲ್ಲಲಿಲ್ಲ. "ನಡಿಯವ್ವಾ, ತೋರ್ಸು ನಡಿ" ಎನ್ನುತ್ತ ಹಾರೆ ಹೆಗಲಿಗೇರಿಸಿ ಅವಳ ಹಿಂದೆ ಓಡಿದರು. ತಾಯಿಯವರು ಬೇಲಿಯ ಬಳಿಯೇ ನಿಂತು, ದೂರವಾಗುತ್ತಿದ್ದ ಆ ಬೆನ್ನಿಗೆ ಕೈಮುಗಿದರು.