ಎಂಬತ್ತು ಮನೆಯ ಬಲೆ

“ಗುರುಗಳೇ, ದುಡಿಮೆ ನಮ್ಮ ಕೈಯಲ್ಲೇ ಉಳಿಯುವುದಾದರೆ ಮಗ್ಗ ಯಾರದಾದರೇನು?” ಎಂದು ಶಿಷ್ಯನೊಬ್ಬ ಕೇಳಿದ.

ಅವನು ನೇಕಾರರ ಊರಿನವನು. ಅರಸರು ಬಂದರುಗಳ ಸುಂಕವನ್ನೆಲ್ಲ ತೆಗೆದುಹಾಕಿದ್ದರು. ಯಾವ ದೇಶದ ಸರಕು ಯಾವ ದೇಶಕ್ಕೆ ಬೇಕಾದರೂ ಹೋಗಬಹುದಾಗಿತ್ತು. ದೂರದ ವರ್ತಕನೊಬ್ಬ ಬಂದು ಊರಿನ ಮಗ್ಗಗಳನ್ನೆಲ್ಲ ಒಳ್ಳೆಯ ಬೆಲೆಗೆ ಕೇಳಿದ್ದ. ಮಗ್ಗ ನಿಮ್ಮ ಮನೆಯಲ್ಲೇ ಇರಲಿ, ನೇಯುವವರೂ ನೀವೇ, ಕೂಲಿ ನಾನು ಕೊಡುತ್ತೇನೆ ಎಂದಿದ್ದ. ಓದಿದ ತಮ್ಮ ಹೇಳಿದಂತೆ ಮಾಡೋಣವೆಂದು ಅಣ್ಣಂದಿರು ಮಠದವರೆಗೆ ಬಂದು ಕೇಳಿ ಹೋಗಿದ್ದರು. ಮರುದಿನ ಅವನು ಉತ್ತರ ಕಳಿಸಬೇಕಿತ್ತು.

“ನಿನಗೆ ಏನನ್ನಿಸುತ್ತದೆ?”

“ಕೊಡಬಹುದು ಅನ್ನಿಸುತ್ತದೆ. ಆ ವರ್ತಕನ ಬಗ್ಗೆ ನಾಲ್ಕು ಕಡೆ ವಿಚಾರಿಸಿದೆ. ಸಜ್ಜನ.”

“ಹಾಗಾದರೆ ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಊರಿತ್ತು. ಎಂಬತ್ತು ಮನೆ. ಎಂಬತ್ತು ಮನೆಗೂ ಸೇರಿ ಒಂದೇ ಬಲೆ. ಅದಕ್ಕೆ ರಂಪಣಿ ಎನ್ನುತ್ತಿದ್ದರು. ಪ್ರತಿ ಮನೆಯವರೂ ತಮ್ಮ ಪಾಲಿನ ತುಂಡನ್ನು ತಾವೇ ಹೆಣೆದು, ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಿ, ಮಳೆಗಾಲ ಮುಗಿದೊಡನೆ ದಂಡೆಗೆ ತರುತ್ತಿದ್ದರು. ಎಂಬತ್ತು ತುಂಡುಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಬಲೆ. ದೋಣಿ ಅದನ್ನು ಬಿಡುತ್ತಾ ಮೀನಿನ ಹಿಂಡನ್ನು ಸುತ್ತುಹಾಕಿ ಬರುತ್ತಿತ್ತು. ಎರಡು ತುದಿಯ ಹಗ್ಗ ಹಿಡಿದು ಊರಿಗೆ ಊರೇ ಎಳೆಯುತ್ತಿತ್ತು. ಬಲೆ ಮರಳಿಗೆ ತಾಗುವ ಮೊದಲು ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನುಂಟು. ದಾರಿಹೋಕ ಹಚ್ಚಿದರೆ ದಾರಿಹೋಕನಿಗೂ ಉಂಟು.

ಬಲೆ ಬಿಡುವ ಮೊದಲು ಎಲ್ಲರೂ ಮರಳ ಮೇಲೆ ಸುತ್ತ ಕೂರುತ್ತಿದ್ದರು. ಇವತ್ತು ಬಿಡಬೇಕೋ ಬೇಡವೋ, ಮನೆಗೆಷ್ಟು ಮಾರಾಟಕ್ಕೆಷ್ಟು, ಉಪ್ಪು ಹಾಕುವುದಕ್ಕೆಷ್ಟು, ಎಲ್ಲವೂ ಅಲ್ಲೇ ತೀರ್ಮಾನ. ಮನೆಗೊಂದು ಮಾತು. ದೋಣಿ ಇದ್ದವನಿಗೂ ಒಂದೇ, ಗಂಡ ಸತ್ತ ಹೆಂಗಸಿಗೂ ಒಂದೇ.

ಹಾಗೆ ಗಂಡ ಸತ್ತ ಒಬ್ಬ ಹೆಂಗಸು ಆ ಊರಿನಲ್ಲಿದ್ದಳು. ಅವಳ ಅತ್ತೆ ಹೆಣೆದ ತುಂಡು ಬಲೆಯ ಸರಿ ನಡುವಿಗೆ ಬರುತ್ತಿತ್ತು. ಮೀನಿನ ಭಾರವೆಲ್ಲ ಬೀಳುವುದು ಅಲ್ಲೇ. ಅತ್ತೆಯ ಗಂಟು ಒಂದೂ ಸಡಿಲವಾದದ್ದಿಲ್ಲ ಎಂದು ಅವಳಿಗೆ ಹೆಮ್ಮೆ. ಒಂದು ವರ್ಷ ಎಲ್ಲರೂ ಬಲೆ ಬಿಡೋಣವೆಂದಾಗ ಅವಳೊಬ್ಬಳು, “ಇವು ಮರಿಗಳು. ಹದಿನೈದು ದಿನ ತಡೆಯಿರಿ” ಎಂದಿದ್ದಳು. ಗಂಡಸರು ನಕ್ಕರು. ಹೊತ್ತು ಏರುವವರೆಗೆ ವಾದ ನಡೆಯಿತು. ಕೊನೆಗೆ ತಡೆದರು. ಹದಿನೈದನೆಯ ದಿನ ಬಂದ ಬಂಗುಡೆಯನ್ನು ಹೊರಲು ಪಕ್ಕದ ಊರಿನ ಬುಟ್ಟಿಗಳನ್ನೂ ತರಿಸಬೇಕಾಯಿತು. ಆ ದಿನವನ್ನು ಅವಳು ಬದುಕಿರುವವರೆಗೂ ನೆನೆಯುತ್ತಿದ್ದಳು. ಮೀನಿಗಿಂತ ಹೆಚ್ಚಾಗಿ ವಾದವನ್ನೇ ನೆನೆಯುತ್ತಿದ್ದಳು.

ಬಂದರುಗಳು ತೆರೆದುಕೊಂಡ ಕಾಲಕ್ಕೆ ಆ ಊರಿಗೂ ಒಬ್ಬ ವರ್ತಕ ಬಂದ. ಅವನ ಹಡಗುಗಳು ಏಳು ಬಂದರಿಗೆ ಹೋಗುತ್ತಿದ್ದವು. ಬಲೆಯನ್ನು ಇಡಿಯಾಗಿ ಕೊಡಿ ಎಂದ. ತುಂಡೊಂದಕ್ಕೆ ಅವನು ಹೇಳಿದ ಬೆಲೆ ಕೇಳಿ ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಲೆ ಇಲ್ಲೇ ಇರುತ್ತದೆ, ಎಳೆಯುವವರು ನೀವೇ, ಎಳೆದ ದಿನಕ್ಕೆ ಕೂಲಿ ಎಂದ. ಊರು ಮರಳ ಮೇಲೆ ಸುತ್ತ ಕೂತಿತು. ಎಪ್ಪತ್ತೊಂಬತ್ತು ಮನೆ ಆಗಲಿ ಎಂದವು.

ಆ ಹೆಂಗಸು ಮಾತ್ರ ಆಗಲಿ ಎನ್ನಲಿಲ್ಲ. ಅವಳ ಮೈದುನ ಎದ್ದು ಬಂದ.

“ಅತ್ತಿಗೆ, ನಿನ್ನ ತುಂಡು ಸರಿ ನಡುವಿನಲ್ಲಿದೆ. ನಡುವೆ ತೂತಿರುವ ಬಲೆಯನ್ನು ಯಾರು ಕೊಳ್ಳುತ್ತಾರೆ ಮಾರಾಯ್ತಿ? ನಿನ್ನೊಬ್ಬಳಿಂದ ಊರಿನ ಬಾಯಿಗೆ ಮಣ್ಣು.”

“ಅಲ್ಲವೋ, ಮಾರಿದ ಮೇಲೆ ಇಲ್ಲಿ ಕೂತು ಏನು ಮಾತಾಡುವುದು?”

“ಹಾಡು ಹೇಳುವಿಯಂತೆ! ಬಲೆಯೇನು ಕಾಲು ಬಂದು ಎದ್ದು ಹೋಗುತ್ತದೆಯೇ? ಇಲ್ಲೇ ಬಿದ್ದಿರುತ್ತದೆ.”

ಎಲ್ಲರೂ ನಕ್ಕರು. ಅವಳೂ ನಕ್ಕು ಒಪ್ಪಿಕೊಂಡಳು.

ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ವರ್ತಕ ಹೇಳಿದ ಕೂಲಿ ಕೊಟ್ಟ. ಹಡಗಿನಲ್ಲಿ ಅಗ್ಗದ ಅಕ್ಕಿ ಬಂತು, ಬಣ್ಣದ ಸೀರೆ ಬಂತು. ಬಲೆ ಇಡಲು ಹೆಂಚಿನ ಕೊಟ್ಟಿಗೆ ಕಟ್ಟಿಸಿ ಮೈದುನನನ್ನೇ ಕಾವಲಿಗೆ ನೇಮಿಸಿದ. ಮಳೆಗಾಲ ಮುಗಿದಾಗ ಊರಿನವರು ರೂಢಿಯಂತೆ ಮರಳ ಮೇಲೆ ಸುತ್ತ ಕೂತರು. ತೀರ್ಮಾನಿಸುವುದಕ್ಕೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕಡಲು ನೋಡಿ ಎದ್ದರು. ಮರುವರ್ಷ ಯಾರೂ ಕೂರಲಿಲ್ಲ.

ಮೂರನೆಯ ವರ್ಷ ಬೇರೆ ದೇಶದ ಮೀನು ಏಳು ಬಂದರುಗಳಲ್ಲೂ ಅಗ್ಗವಾಯಿತು. ನಾನು ಹೇಳಿಕಳಿಸುವವರೆಗೆ ಬಲೆ ಬಿಡಬೇಡಿ ಎಂದು ವರ್ತಕ ಸುದ್ದಿ ಕಳಿಸಿದ. ಬಲೆ ಬಿಡದ ದಿನಕ್ಕೆ ಕೂಲಿ ಇಲ್ಲ. ಎರಡು ಹುಣ್ಣಿಮೆ ಕಳೆಯಿತು. ಹಡಗಿನ ಅಕ್ಕಿ ಎಷ್ಟು ಅಗ್ಗವಾದರೂ ಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. ಮನೆಗಳಲ್ಲಿ ಒಂದು ಹೊತ್ತು ಗಂಜಿ, ಒಂದು ಹೊತ್ತು ಅದೂ ಇಲ್ಲ.

ಒಂದು ಬೆಳಿಗ್ಗೆ ಹೆಂಗಸು ದಂಡೆಗೆ ಬಂದವಳು ನಿಂತುಬಿಟ್ಟಳು. ನೀರು ಕಪ್ಪಾಗಿತ್ತು. ಹಕ್ಕಿಗಳು ಮುಗಿಬಿದ್ದಿದ್ದವು. ಬಂಗುಡೆಯ ಹಿಂಡು ಕೂಗಳತೆಯಲ್ಲಿ ನಿಂತಿತ್ತು. ಅವಳು ಕೂಗಿದ ಕೂಗಿಗೆ ಊರೆಲ್ಲ ಕೊಟ್ಟಿಗೆಯ ಮುಂದೆ ಸೇರಿತು. ಮೈದುನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ.

“ತೆಗೆಯೋ ಬಾಗಿಲು.”

“ಸಾಹುಕಾರರ ಮಾತು ಬರಬೇಕು, ಅತ್ತಿಗೆ.”

“ಮಾತು ಬರುವವರೆಗೆ ಮೀನು ಚಾಪೆ ಹಾಸಿಕೊಂಡು ಕೂತಿರುತ್ತದೆಯೇನೋ? ನಿನ್ನ ಮಕ್ಕಳಿಗೆ ನಿನ್ನೆ ಏನು ಬಡಿಸಿದೆ, ಹೇಳು.”

ಅವನ ಕಣ್ಣಲ್ಲಿ ನೀರು ಬಂತು. “ಬೀಗದ ಕೈ ಇಲ್ಲಿದೆ, ತಗೋ. ನಾನು ತಡೆಯುವುದಿಲ್ಲ. ಆದರೆ ಬೇರೆಯವರ ಬಲೆ ಅತ್ತಿಗೆ. ಕೇಳದೆ ಮುಟ್ಟುತ್ತೀಯಾ?”

ಅವಳ ಕೈ ಮುಂದೆ ಬರಲಿಲ್ಲ. ಇನ್ನೊಬ್ಬರ ಬಲೆಯನ್ನು ಕೇಳದೆ ಮುಟ್ಟಬಾರದೆಂಬುದು ಆ ದಂಡೆಯ ಕಟ್ಟಳೆ. ಅಜ್ಜಂದಿರ ಕಾಲದಿಂದ ಯಾರೂ ಅದನ್ನು ಮುರಿದಿರಲಿಲ್ಲ. ಎಂಬತ್ತು ಮನೆಯಲ್ಲಿ ಒಬ್ಬರೂ ಬೀಗದ ಕೈಯನ್ನು ತೆಗೆದುಕೊಳ್ಳಲಿಲ್ಲ.

ಬಂದರಿಗೆ ಆಳು ಓಡಿದ. ಬೀಸುಬಲೆ ಇದ್ದ ನಾಲ್ಕು ಮಂದಿ ನೀರಿಗಿಳಿದು ಎರಡು ಬುಟ್ಟಿ ಮೀನು ತಂದರು. ಅದನ್ನು ಮಕ್ಕಳಿದ್ದ ಮನೆಗೆ ಹಂಚಿದರು. ಉಳಿದವರು ದಂಡೆಯಲ್ಲಿ ಕೂತು ನೋಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನೀರಿನ ಬಣ್ಣ ಬದಲಾಯಿತು. ಹಿಂಡು ಹೋಯಿತು.

ಮೂರನೆಯ ದಿನ ಆಳು ವರ್ತಕನ ಮಾತು ಹೊತ್ತು ಬಂದ. ಸುದ್ದಿ ಕೇಳಿ ವರ್ತಕ ಊಟ ಬಿಟ್ಟು ಎದ್ದಿದ್ದನಂತೆ. “ಅಯ್ಯೋ, ಹಸಿದವರು ಬಲೆ ಬಿಡುವುದಕ್ಕೆ ನನ್ನನ್ನು ಕೇಳಬೇಕೇ? ಬಿಡಿ, ಬಂದದ್ದೆಲ್ಲ ನಿಮಗೇ ಇರಲಿ” ಎಂದನಂತೆ. ಜೊತೆಗೆ ನಾಲ್ಕು ಮೂಟೆ ಅಕ್ಕಿಯನ್ನೂ ಕಳಿಸಿದ್ದ.

ಆ ವರ್ಷ ಹಿಂಡು ಮತ್ತೆ ಬರಲಿಲ್ಲ.

ಹೆಂಗಸು ತನ್ನ ಪಾಲಿನ ಅಕ್ಕಿಯಲ್ಲಿ ಅರ್ಧ ಕೊಟ್ಟು ನೂಲು ತಂದಳು. ಬಾಗಿಲಲ್ಲಿ ಕೂತು ಹೊಸ ತುಂಡು ಹೆಣೆಯತೊಡಗಿದಳು.

“ಅತ್ತಿಗೆ, ಒಂದು ತುಂಡಿಗೆ ಯಾವ ಮೀನು ಬೀಳುತ್ತದೆ?” ಎಂದು ಮೈದುನ ಕೇಳಿದ.

“ಮೀನು ಬೀಳುವುದಿಲ್ಲ. ಮರಳ ಮೇಲೆ ಹೋಗಿ ಕೂತರೆ ನನಗೊಂದು ಮಾತು ಇರುತ್ತದೆ” ಎಂದಳು.

ಮೈದುನ ನೂಲಿನ ಇನ್ನೊಂದು ತುದಿ ಹಿಡಿದು ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಆದರೆ ಗುರುಗಳೇ, ಆ ವರ್ತಕ ಒಳ್ಳೆಯವನೇ ಆಗಿದ್ದನಲ್ಲ?”

“ಒಳ್ಳೆಯವನೇ, ಮಗು. ಮೀನು ಬಂದ ದಿನ ಅವನು ದಂಡೆಯಲ್ಲಿರಲಿಲ್ಲ, ದಂಡೆಯಲ್ಲಿದ್ದವರಿಗೆ ಬಲೆಯಿರಲಿಲ್ಲ.”

ಮರುದಿನ ಶಿಷ್ಯ, ಮಗ್ಗ ಕೊಡುವುದು ಬೇಡವೆಂದು ಅಣ್ಣಂದಿರಿಗೆ ಹೇಳಿಕಳಿಸಿದ.