ಕಾವಿ ಬಳಿದ ಮೂರು ವಾಯರು

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಮಠಕ್ಕೊಬ್ಬ ಮುಪ್ಪಿನ ಅಜ್ಜ. ಅಜ್ಜನಿಗೊಬ್ಬ ಶಿಷ್ಯ, ಹೆಸರು ಕಲ್ಲಿನಾಥ.

ಕಲ್ಲಿನಾಥ ಮಠ ಸೇರುವ ಮೊದಲು ಊರಲ್ಲಿ ವಾಯರಿಂಗ್ ಕೆಲಸ ಮಾಡುತ್ತಿದ್ದವನು. ಮಠಕ್ಕೆ ಬಂದು ವೈರಾಗ್ಯ ಕಲಿತ. ಸ್ವಲ್ಪ ಜಾಸ್ತಿಯೇ ಕಲಿತ ಎನ್ನಬೇಕು. ಜ್ವರ ಬಂದರೆ ಔಷಧ ಮುಟ್ಟುತ್ತಿರಲಿಲ್ಲ. ಹೊಳೆ ತುಂಬಿ ಹರಿಯುವಾಗಲೂ ಈಜಲು ಇಳಿಯುತ್ತಿದ್ದ. ಯಾರಾದರೂ ಬೈದರೆ ಅವನದು ಒಂದೇ ಮಾತು.

"ಈ ದೇಹದ ಹಂಗು ನನಗಿಲ್ಲ."

ಅಜ್ಜ ಅದನ್ನು ಕೇಳಿಸಿಕೊಂಡು ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಒಂದು ದಿನ ದಾಸೋಹದ ಮನೆಯ ದೀಪ ಕೆಟ್ಟಿತು. ಕಿಟಕಿಯಿಲ್ಲದ ಕಲ್ಲಿನ ಕಟ್ಟಡ ಅದು. ದೀಪವಿಲ್ಲದಿದ್ದರೆ ಎಲೆಯಲ್ಲಿ ಬಡಿಸಿದ್ದು ಅನ್ನವೋ ನುಚ್ಚೋ ಕಾಣುವುದಿಲ್ಲ. ಮಧ್ಯಾಹ್ನಕ್ಕೆ ಪಂಕ್ತಿ ಕೂರಬೇಕು. ಭಕ್ತರೊಬ್ಬರು ಬೆಳಿಗ್ಗೆಯೇ ಹೊಸ ದೀಪ ತಂದುಕೊಟ್ಟರು.

ಕಲ್ಲಿನಾಥ ಗೋಡೆಯ ಸ್ವಿಚ್ ಬಂದ್ ಮಾಡಿದ. ಕಬ್ಬಿಣದ ಏಣಿ ನಿಲ್ಲಿಸಿ ಹತ್ತಿದ. ದಾಸೋಹದ ಮನೆಗೆ ಚಪ್ಪಲಿ ನಿಷಿದ್ಧ, ಹಾಗಾಗಿ ಬರಿಗಾಲು. ನೆಲವನ್ನು ಆಗತಾನೇ ತೊಳೆದಿದ್ದರು.

ಹಳೆಯ ದೀಪದ ಸ್ಕ್ರೂ ಸಡಿಲಿಸಿ ಅದನ್ನು ಕೆಳಗಿಳಿಸಿದ. ಮಾಳಿಗೆಯಿಂದ ಮೂರು ವಾಯರು ಜೋತುಬಿದ್ದವು.

ಮೂರೂ ಕಾವಿ ಬಣ್ಣ.

ಕೆಂಪಾದರೆ ಕರೆಂಟಿನದು, ಕಪ್ಪಾದರೆ ನ್ಯೂಟ್ರಲ್, ಹಸಿರಾದರೆ ಅರ್ಥಿಂಗ್. ಕಲ್ಲಿನಾಥನಿಗೆ ಇದು ಬಾಯಿಪಾಠ. ಆದರೆ ಹಿಂದೊಮ್ಮೆ ಯಾವನೋ ಭಕ್ತ ಮಾಳಿಗೆಗೆ ಕಾವಿ ಬಳಿಯುವಾಗ, ಹೆಚ್ಚಿನ ಪುಣ್ಯ ಬರಲೆಂದು ವಾಯರಿಗೂ ಬಳಿದುಬಿಟ್ಟಿದ್ದ. ಮೂರಕ್ಕೂ ದೀಕ್ಷೆಯಾಗಿತ್ತು. ಯಾವುದರ ಪೂರ್ವಾಶ್ರಮ ಯಾವುದೆಂದು ಹೇಳುವವರಿಲ್ಲ.

ಕಲ್ಲಿನಾಥ ಸೊಂಟದಿಂದ ಟೆಸ್ಟರ್ ತೆಗೆದ. ಒಂದೊಂದೇ ವಾಯರಿನ ತುದಿಗೆ ಮುಟ್ಟಿಸಿದ. ಕರೆಂಟ್ ಇದ್ದರೆ ಹತ್ತಬೇಕಾದ ಅದರೊಳಗಿನ ಸಣ್ಣ ದೀಪ ಯಾವುದಕ್ಕೂ ಹತ್ತಲಿಲ್ಲ.

ಅಜ್ಜ ಬಾಗಿಲಲ್ಲಿ ನಿಂತಿದ್ದರು.

"ಯಾವ ವಾಯರು ಯಾವುದು, ಗುರ್ತ ಸಿಕ್ತೇನಪಾ?"

"ಇಲ್ರಿ ಅಜ್ಜಾರ. ಆದ್ರ ಮೂರರಾಗೂ ಕರೆಂಟ್ ಇಲ್ಲ. ಟೆಸ್ಟರ್ ಹತ್ತವಲ್ದು."

"ಮೇನ್ ಬಂದ್ ಮಾಡಬೇಕಿಲ್ಲೇನು?"

"ಮೇನ್ ಬಂದ್ ಮಾಡಿದ್ರ ಹೊಳಿ ಮೋಟರ್ ನಿಲ್ತದರಿ. ಅಡಿಗಿಗೆ ನೀರ ಇರಂಗಿಲ್ಲ. ಇದು ಎರಡ ನಿಮಿಷದ ಕೆಲಸ."

"ಎರಡ ನಿಮಿಷದಾಗ ಏನರ ಆದ್ರ?"

"ಆಗ್ಲಿ ಬಿಡ್ರಿ. ಈ ದೇಹದ ಹಂಗು ನನಗಿಲ್ಲ."

ಅಜ್ಜ ಒಳಗೆ ಬಂದರು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು, ಎರಡೂ ಕೈಯಿಂದ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಜ್ಜಾರ, ಕೈ ಬಿಡ್ರಿ."

"ಯಾಕೋ?"

"ಕಬ್ಬಿಣದ ಏಣಿ ಐತ್ರಿ. ನೆಲಾನೂ ಹಸಿ ಐತಿ."

"ಕರೆಂಟ್ ಇಲ್ಲ ಅಂದೆಲ್ಲ?"

"ಇಲ್ರಿ."

"ಹಂಗಾರ ನಾ ಹಿಡಕೊಂಡ್ರ ಏನಾತು? ನೀ ಜೋಡಸು."

ಕಲ್ಲಿನಾಥ ಬಲಗಡೆಯ ವಾಯರಿಗೆ ಕೈ ಚಾಚಿದ. ಇನ್ನೇನು ನಾಲ್ಕು ಬೆರಳು ದೂರ. ಕೈ ಅಲ್ಲೇ ನಿಂತಿತು.

ಕೆಳಗೆ ನೋಡಿದ. ಅಜ್ಜನ ಬೋಳು ತಲೆ ಕಂಡಿತು. ಏಣಿ ಹಿಡಿದ ಕೈಗಳ ಮೇಲೆ ಉಬ್ಬಿದ ನರಗಳು ಕಂಡವು. ಮೂರು ವರ್ಷದಿಂದ ದಿನಾ ಅದೇ ಕೈಯಿಂದ ಪ್ರಸಾದ ತಿಂದವನು ಅವನು.

ಸ್ವಿಚ್ ಬಂದ್ ಮಾಡಿದ್ದೇನಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಹಿಂದೆ ವಾಯರಿಂಗ್ ಮಾಡಿದವನು ಸ್ವಿಚ್ಚಿಗೆ ಕರೆಂಟಿನ ಬದಲು ನ್ಯೂಟ್ರಲ್ ವಾಯರು ಕೊಟ್ಟಿದ್ದರೆ? ದೀಪ ಆರುತ್ತದೆ, ಕರೆಂಟು ಮೇಲೆಯೇ ಇರುತ್ತದೆ. ಊರಲ್ಲಿ ಅಂಥ ಮನೆಗಳನ್ನು ಅವನೇ ಎಷ್ಟೋ ನೋಡಿದ್ದ. ಐದು ನಿಮಿಷದ ಹಿಂದೆ ಇದು ಯಾಕೆ ನೆನಪಾಗಲಿಲ್ಲ?

ಮತ್ತೆ, ಈ ಟೆಸ್ಟರ್? ಇದು ಕೊನೆಯ ಸಲ ಹತ್ತಿದ್ದು ಯಾವಾಗ?

ಕಲ್ಲಿನಾಥನಿಗೆ ಭಯವಾಯಿತು. ಬಹಳ ವರ್ಷಗಳ ಮೇಲೆ, ನಿಜವಾದ ಭಯ.

"ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಕೈ ಬಿಡ್ರಿ."

"ಕಾಲಿಗೆ ಬೀಳಬೇಕಂದ್ರ ಕೆಳಗ ಇಳೀಬೇಕಾಗ್ತದೋ."

ಕಲ್ಲಿನಾಥ ಕೈ ಹಿಂದೆಳೆದುಕೊಂಡ. ಭುಜವೂ ವಾಯರಿಗೆ ತಾಗದಂತೆ ಬಗ್ಗಿ ಒಂದೊಂದೇ ಮೆಟ್ಟಿಲು ಇಳಿದ.

ನೇರ ಅಡುಗೆಮನೆಗೆ ಹೋದ. ಅಡುಗೆಯ ಗುರುಸಿದ್ದವ್ವ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ತಿರುವುತ್ತಿದ್ದಳು. ಮಿಕ್ಸಿ ಗುರ್ರೆನ್ನುತ್ತಿತ್ತು. ಕಲ್ಲಿನಾಥ ಅದರ ಪಕ್ಕದ ಪ್ಲಗ್ ಪಾಯಿಂಟಿನ ಸ್ವಿಚ್ ಹಾಕಿ, ತೂತಿಗೆ ಟೆಸ್ಟರ್ ಇಟ್ಟ.

ಹತ್ತಲಿಲ್ಲ.

ಇನ್ನೊಂದು ತೂತಿಗೆ ಹಾಕಿದ. ಅಲ್ಲೂ ಇಲ್ಲ.

"ಏನ್ ನೋಡಾಕತ್ತಿಯೋ ಕಲ್ಲಿನಾಥ? ಮಾರಿ ಯಾಕ ಹಂಗ ಬೆಳ್ಳಗಾಗೇದ?" ಎಂದಳು ಗುರುಸಿದ್ದವ್ವ.

ಕಲ್ಲಿನಾಥ ಟೆಸ್ಟರನ್ನು ತಿರುಗಿಸಿ ನೋಡಿದ. ಟೆಸ್ಟರ್ ಸತ್ತು ಎಷ್ಟು ದಿನವಾಗಿತ್ತೋ ಏನೋ. ಕೇಳಿದ್ದಕ್ಕೆಲ್ಲ 'ಇಲ್ಲ' ಅನ್ನುವುದೊಂದೇ ಅದಕ್ಕೆ ಗೊತ್ತಿತ್ತು.

ಮೋಟರ್ ಮನೆಯಿಂದ ಇನ್ನೊಂದು ಟೆಸ್ಟರ್ ತಂದ. ಮೊದಲು ಅಡುಗೆಮನೆಯಲ್ಲಿ ಹಾಕಿ ನೋಡಿದ. ಹತ್ತಿತು. ಕಬ್ಬಿಣದ ಏಣಿ ಸರಿಸಿ ಮರದ ಮೇಜು ತಂದಿಟ್ಟ. ಆಮೇಲೆ ರಬ್ಬರ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ದಾಸೋಹದ ಮನೆಯ ಹೊಸ್ತಿಲಲ್ಲಿ ನಿಂತ.

"ಮೆಟ್ಟಿಕೊ, ದೇವರು ಏನೂ ಅನ್ನಂಗಿಲ್ಲ" ಎಂದರು ಅಜ್ಜ.

ಅಜ್ಜನನ್ನು ಹೊರಗೆ ಕೂರಿಸಿ, ಮೇಜು ಹತ್ತಿದ. ಎಡಗಡೆಯ ವಾಯರು, ಇಲ್ಲ. ನಡುವಿನದು, ಇಲ್ಲ.

ಬಲಗಡೆಯದಕ್ಕೆ ಮುಟ್ಟಿಸಿದೊಡನೆ ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು.

ಅವನು ಮೊದಲು ಕೈ ಚಾಚಿದ್ದು ಅದಕ್ಕೇ. ನಂತರ ಇಳಿದು ಹೋಗಿ ಮೇನ್ ಬಂದ್ ಮಾಡಿದ. ಮೋಟರ್ ನಿಂತಿತು, ಮಿಕ್ಸಿ ನಿಂತಿತು. ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿ, ಒಂದೊಂದೇ ವಾಯರಿನ ಮೂಲ ಹುಡುಕಿ, ಚೀಟಿ ಕಟ್ಟಿ, ಹೊಸ ದೀಪ ಜೋಡಿಸಿದ. ಆ ದಿನ ಪಂಕ್ತಿ ಒಂದು ತಾಸು ತಡವಾಯಿತು. ಹಸಿವಿನಿಂದ ಯಾರೂ ಸಾಯಲಿಲ್ಲ.

ಊಟವಾದ ಮೇಲೆ ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು. ಕಲ್ಲಿನಾಥ ಬಂದು ಎರಡು ಮೆಟ್ಟಿಲು ಕೆಳಗೆ ಕುಳಿತ.

"ಅಜ್ಜಾರ, ಟೆಸ್ಟರ್ ಕೆಟ್ಟಿದ್ದು ನಿಮಗ ಗೊತ್ತಿತ್ತೇನ್ರಿ?"

"ನನಗೇನ್ ಗೊತ್ತಪಾ. ನನಗ ಮೂರೂ ವಾಯರು ಒಂದ."

"ಮತ್ತ ಏಣಿ ಯಾಕ ಹಿಡದ್ರಿ?"

"ಅಲಗಾಡತಿತ್ತು."

ಕಲ್ಲಿನಾಥ ಕಣ್ಣೊರೆಸಿಕೊಂಡು ಕೇಳಿದ.

"ನೀವು ಏಣಿಗೆ ಕೈ ಹಚ್ಚಿದ ಮ್ಯಾಲೆ ನನಗ ಇಲ್ಲದ ಅನುಮಾನ ಎಲ್ಲಾ ಬಂತ್ರಿ. ಅದಕ್ಕೂ ಮೊದಲ ಒಂದರ ಬರಲಿಲ್ಲ. ಯಾಕ್ರಿ ಅಜ್ಜಾರ?"

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

"ಅಲ್ಲಿತನಕ ಏಣಿ ಮ್ಯಾಲೆ ಯಾರೂ ಇಲ್ಲ ಅಂತ ತಿಳಕೊಂಡಿದ್ದೆಲ್ಲೋ, ತಮ್ಮಾ."